ಕೇಡಿ ಚಿತ್ತಪ್ಪನಿಗೆ ಎಡೆ

ಗಂಡ ಸತ್ತು ಇಪ್ಪತ್ತು ವರ್ಷವಾದ ಮೇಲೆ ದುರುಗಕ್ಕನಿಗೆ ಅವನ ಮುಖ ಮರೆಯತೊಡಗಿತು. ಮೂಗು ನೆನಪಾದರೆ ಮೀಸೆ ಜಾರಿಹೋಗುತ್ತಿತ್ತು, ಮೀಸೆಯನ್ನು ಹಿಡಿದು ತರುವಷ್ಟರಲ್ಲಿ ಮೂಗು ಮಾಯ. ಒಂದು ದಿನ ಕಣ್ಣು ಮುಚ್ಚಿ ಗಂಡನನ್ನು ನೆನೆದರೆ ಹೊನ್ನಾಳಿ ಬಸ್ಸಿನ ಕಂಡಕ್ಟರನ ಮುಖ ಬಂತು. ಅವತ್ತು ಅವಳು ನಿಜಕ್ಕೂ ಹೆದರಿದಳು.

ಚಿತ್ತಪ್ಪ ಜಗಳೂರಿನಲ್ಲಿ ಬೋರ್ಡು ಬರೆಯುತ್ತಿದ್ದವನು. ಫೋಟೊದವರು ತನ್ನ ಹೊಟ್ಟೆಯ ಮೇಲೆ ಹೊಡೆದರೆಂಬ ಸಿಟ್ಟಿಗೆ ಸಾಯುವ ತನಕ ಒಂದು ಫೋಟೊ ತೆಗೆಸಿಕೊಳ್ಳಲಿಲ್ಲ. ಹಿರಿಯರ ಹಬ್ಬದಲ್ಲಿ ಬೇರೆ ಮನೆಯವರು ಫೋಟೊದ ಮುಂದೆ ಎಡೆ ಇಟ್ಟರೆ, ದುರುಗಕ್ಕ ಮಡಿಸಿಟ್ಟ ಪಂಚೆ, ಅಂಗಿಯ ಮುಂದೆ ಇಡುತ್ತಿದ್ದಳು. ಪಂಚೆಗೆ ಮೂಗು ಎಲ್ಲಿಂದ ಬರಬೇಕು?

ಮನೆಯಲ್ಲಿ ಅವನ ಮುಖ ಇದ್ದದ್ದು ಒಂದೇ ಕಡೆ, ಅಟ್ಟದ ಮೇಲೆ, ಗೋಡೆಗೆ ತಿರುಗಿಸಿಟ್ಟ ರಟ್ಟಿನಲ್ಲಿ. ಒಂದು ಕಾಲಕ್ಕೆ ಚಿತ್ತಪ್ಪ ದಾವಣಗೆರೆಯ ಪ್ರೆಸ್ಸೊಂದಕ್ಕೆ ಪತ್ತೇದಾರಿ ಕಾದಂಬರಿಗಳ ಮುಖಪುಟ ಬರೆದುಕೊಡುತ್ತಿದ್ದ. ಮುಂಬಯಿಯ ಭೂಗತ ಲೋಕ, ರಕ್ತ, ಮುತ್ತು. ಹರಿಹರದ ಸೇತುವೆ ದಾಟದವನ ಮುಂಬಯಿ ಎಂಥದ್ದಿರುತ್ತದೆ? ಬೀದಿ ದೀಪದ ಪಕ್ಕ ಬಿಳಿಚೋಡಿನ ಬೇವಿನ ಮರ, ಕಳ್ಳಸಾಗಣೆಯ ಹಡಗಿಗೆ ಟ್ರ್ಯಾಕ್ಟರಿನ ಹೊಗೆ ಕೊಳವೆ. ಬಿಟ್ಟಿ ಕೂರುವ ಗಂಡಸು ಸಿಗದೆ ಕೇಡಿಯ ಮುಖಕ್ಕೆ ಕನ್ನಡಿಯಲ್ಲಿ ತನ್ನದನ್ನೇ ನೋಡಿ ಬರೆಯುತ್ತಿದ್ದ.

ಎಲ್ಲ ಚಿತ್ರಗಳೂ ಅಚ್ಚಿಗೆ ಹೋದವು, ಒಂದು ಮಾತ್ರ ವಾಪಸ್ಸು ಬಂತು. ಅದರಲ್ಲಿ ಕೆಂಪು ತುಟಿಯ ಹೆಂಗಸೊಬ್ಬಳು ಹ್ಯಾಟು ಹಾಕಿದ ಚಿತ್ತಪ್ಪನ ಭುಜಕ್ಕೆ ಒರಗಿ, ಅವನ ಗದ್ದದ ಕೆಳಗೆ ಪಿಸ್ತೂಲು ಇಟ್ಟಿದ್ದಳು. ಮುಖ ಟೆಂಟ್ ಸಿನಿಮಾದಲ್ಲಿ ಟಿಕೆಟ್ ಕೊಡುತ್ತಿದ್ದ ಹೇಮಾವತಿಯದು. ಆ ಮುಖ ಕಂಡಿದ್ದೇ ಸಾಕಾಯಿತು, ಉಳಿದದ್ದನ್ನು ನೋಡುವ ತಾಳ್ಮೆ ದುರುಗಕ್ಕನಿಗೆ ಇರಲಿಲ್ಲ. ಅವತ್ತು ಅವಳು ಹಾಕಿದ ಕೂಗಿಗೆ ನ್ಯಾಮತಿ ತನಕದ ಕೋಳಿಗಳು ಮೊಟ್ಟೆ ಇಡುವುದನ್ನೇ ನಿಲ್ಲಿಸಿದ್ದವಂತೆ. ಚಿತ್ತಪ್ಪ ಬಾಯಿ ಬಿಡಲಿಲ್ಲ. ಚಿತ್ರ ಅಟ್ಟ ಸೇರಿತು.

ಈಗ ಹಿರಿಯರ ಹಬ್ಬದ ಅಮಾವಾಸ್ಯೆ ಹತ್ತಿರ ಬಂದಿತ್ತು. ದುರುಗಕ್ಕ ಸೊಸೆ ಶೈಲಾಳ ತಲೆಯ ಮೇಲೆ ಚಿತ್ರ ಹೊರಿಸಿಕೊಂಡು ಶೌಕತ್ ಅಲಿಯ ಫೋಟೊಗೆ ಕಟ್ಟು ಹಾಕುವ ಅಂಗಡಿಗೆ ಹೋದಳು.

"ಯಾರಕ್ಕ ಇವ್ರು, ಸಿನಿಮಾದೋರಾ?" ಎಂದ ಶೌಕತ್ ಅಲಿ.

"ನಮ್ಮ ಯಜಮಾನ್ರು ಕಣಪ್ಪ."

"ಪಕ್ಕದಾಗೆ?"

"ಅವ್ಳನ್ನ ಕತ್ತರ್ಸಾಕೇ ತಂದಿರಾದು."

ಅವನು ಚಿತ್ರವನ್ನು ಬೆಳಕಿಗೆ ಹಿಡಿದ. "ಕತ್ತರ್ಸಬೌದು. ಆದ್ರೆ ಈಯಮ್ಮನ ಕೈ, ಪಿಸ್ತೂಲು ಇವ್ರ ಗದ್ದಕ್ಕೇ ಅಂಟ್ಕಂಡೈತಲ್ಲ. ಕೈ ತೆಗುದ್ರೆ ಗದ್ದ ಹೋಗ್ತೈತೆ. ಗದ್ದ ಬೇಕಂದ್ರೆ ಕೈ ಉಳೀತೈತೆ. ನೀವೇ ಹೇಳ್ರಿ."

ಶೈಲಾ ಸೆರಗನ್ನು ಬಾಯಿಗೆ ತುರುಕಿಕೊಂಡಳು. "ಇರ್ಲಿ ಬಿಡ್ರಿ ಅತ್ತೆ. ಮಾವಾರು ಎಡೆ ಉಣ್ಣಾಕೆ ಜೋಡಿ ಮ್ಯಾಲೇ ಬರ್ಲಿ."

"ಬಾಯ್ಮುಚ್ಚೇ. ಅವ್ಳಿಗೂ ನಾನೇ ಮುದ್ದೆ ಕಟ್ಬೇಕಾ?"

ಬೈದಳೇನೋ ನಿಜ, ಆದರೆ ಸ್ಟೂಲಿನ ಮೇಲೆ ಕುಸಿದು ಕೂತಳು. ಮೂಗು, ಮೀಸೆ, ಗದ್ದ ಮೂರೂ ಒಂದೇ ಕಡೆ ಸಿಕ್ಕಿದ್ದವು. ಅರ್ಧ ಮುಖ ಮನೆಗೆ ಒಯ್ಯುವುದಕ್ಕೆ ಮನಸ್ಸಿಲ್ಲ. ಪೂರ್ತಿ ಬೇಕೆಂದರೆ ಹೇಮಾವತಿಯ ಕೈಗೂ ಊದುಬತ್ತಿ ಬೆಳಗಬೇಕು.

"ಮೊದ್ಲು ಮಸಿ ಒರುಸ್ತೀನಿ ತಡೀರಿ," ಎಂದು ಶೌಕತ್ ಅಲಿ ಒದ್ದೆ ಬಟ್ಟೆ ಆಡಿಸಿದ. "ಇಲ್ನೋಡ್ರಿ, ಕೈಮ್ಯಾಲೆ ಹಸರ್ಗೆ ಬೂಸ್ಟು ಹಿಡ್ದೈತೆ. ಬ್ಲೇಡಿನಾಗೆ ಕೆರೀತೀನಿ."

"ತಡಿಯೋ," ಎಂದಳು ದುರುಗಕ್ಕ.

ಅದು ಬೂಸ್ಟಲ್ಲ, ಚೇಳಿನ ಹಚ್ಚೆ. ಕೊಂಡಿ ಮೇಲೇಳುವ ಬದಲು ಕೆಳಗೆ ಜೋತುಬಿದ್ದಿತ್ತು. ತವರೂರು ಸೊಕ್ಕೆಯಲ್ಲಿ ಹಚ್ಚೆಯವಳು ಚುಚ್ಚುವಾಗ ಉರಿ ತಾಳದೆ ಹುಡುಗಿ ದುರುಗಕ್ಕ ಕೈ ಎಳೆದುಕೊಂಡಿದ್ದಕ್ಕೆ ಹಾಗಾದದ್ದು. ಅಂಥ ಸೋತ ಚೇಳು ಚನ್ನಗಿರಿ, ಹೊನ್ನಾಳಿ ಎಲ್ಲ ಸೋಸಿದರೂ ಇನ್ನೊಂದು ಸಿಗದು. ಅವಳು ಸೆರಗು ಸರಿಸಿ ತನ್ನ ಮುಂಗೈಯನ್ನು ಚಿತ್ರದ ಪಕ್ಕಕ್ಕೆ ಇಟ್ಟಳು. ಶೈಲಾಳ ನಗು ನಿಂತಿತು.

ದುರುಗಕ್ಕನಿಗೆ ಆ ದಿನ ನೆನಪಾಯಿತು. ಚಿತ್ತಪ್ಪ ಕುಂಚ ಹಿಡಿದು ಒಲೆಯ ಹತ್ತಿರ ಬಂದು, ಮುದ್ದೆ ಕೋಲು ಹಿಡಿದುಕೊಂಡು ಹಂಗೇ ನಿಂತ್ಕ ಎಂದು ಗೋಗರೆದಿದ್ದ. ಮುದ್ದೆ ಸೀದುಹೋಗಿತ್ತು. ಅದೇ ಕೋಲಿನಲ್ಲಿ ಅವನ ಬೆನ್ನಿಗೂ ಒಂದು ಬಿದ್ದಿತ್ತು. ಪ್ರೆಸ್ಸಿನವರು ಚಿತ್ರ ತಿರುಗಿ ಕಳಿಸಿದ್ದು ಯಾಕೆಂದೂ ಈಗ ತಿಳಿಯಿತು. ಮುಂಬಯಿ ಕೇಡಿಯ ಯಾವ ಪ್ರೇಯಸಿಯ ಕೈಯಲ್ಲಿ ಸೊಕ್ಕೆಯ ಹಚ್ಚೆ ಇರುತ್ತದೆ?

"ಕೈ ನಿಮ್ದು, ಮುಖ ಮಾತ್ರ ಅವ್ಳದು ಯಾಕತ್ತೆ?" ಎಂದಳು ಶೈಲಾ.

"ನನ್ ಮಾರಿ ಹಾಕಿದ್ರೆ ಪುಸ್ತಕ ಯಾರೇ ತಗಂತಾರೆ? ಯಾಪಾರ ಗೊತ್ತಿತ್ತು ಅವ್ನಿಗೆ." ದುರುಗಕ್ಕ ಕನ್ನಡಕ ಸರಿಮಾಡಿಕೊಂಡಳು. "ಶೌಕತ್ತಣ್ಣ, ಮೊಣಕೈ ತನಕ ಬಿಟ್ಟು ಅವ್ಳನ್ನ ತೆಗಿ. ಪಿಸ್ತೂಲು ಇರ್ಲಿ."

ಒಂದು ಕೈ ಕಳೆದುಕೊಂಡ ಹೇಮಾವತಿ ಅಂಗಡಿಯ ಮೂಲೆಯಲ್ಲೇ ಉಳಿದಳು. ಅಮಾವಾಸ್ಯೆಯ ದಿನ ಚಿತ್ತಪ್ಪ ಗಾಜಿನ ಕಟ್ಟಿನೊಳಗೆ ಹ್ಯಾಟು ಹಾಕಿಕೊಂಡು ಎಡೆಗೆ ಕೂತ. ಮುಂದೆ ಮುದ್ದೆ, ಕೋಳಿ ಸಾರು, ಬೀಡಿ ಕಟ್ಟು, ಒಂದು ಕ್ವಾರ್ಟರ್. ಹೊಲದಿಂದ ಬಂದ ಮಗ ಭೀಮೇಶ್ ಬಾಗಿಲಲ್ಲೇ ನಿಂತುಬಿಟ್ಟ.

"ಅವ್ವಾ, ಅಪ್ಪನ ಗಂಟ್ಲಿಗೆ ಪಿಸ್ತೂಲ್ ಹಿಡಿದಿರೋರು ಯಾರು?"

"ಹೆಂಡ್ತಿ," ಎಂದಳು ದುರುಗಕ್ಕ. "ಕಾಲು ತೊಳ್ಕಂಡು ಬಂದು ಅಡ್ಡ ಬೀಳು."