ಅಮ್ಮ ಒಪ್ಪದ ಪ್ರತಿ

ನನ್ನ ಕೆಲಸವನ್ನು ಅಕ್ಕ 'ರುಬ್ಬಿದ್ದನ್ನೇ ರುಬ್ಬೋದು' ಎಂದು ಆಡಿಕೊಳ್ಳುತ್ತಿದ್ದಳು. ಆಡಿಕೊಳ್ಳಲಿ, ಅವಳ ಬಾಯಿಗೆ ಬೀಗ ಹಾಕುವವರು ಯಾರು? ವಯಸ್ಸಾದವರನ್ನು ನೋಡಿಕೊಳ್ಳಲು ಮನೆಮನೆಗೆ ಹೆಂಗಸರನ್ನು ಕಳಿಸುವ ಕಂಪನಿಯೊಂದು ನನಗೆ ಕೆಲಸ ಕೊಡುತ್ತಿತ್ತು. ಊರೂರಿಗೆ ಒಂದೊಂದು ವೆಬ್‌ಸೈಟ್, ಎಲ್ಲದರಲ್ಲೂ ಅದೇ ಜಾಹೀರಾತು. ಅದು ನಕಲೆಂದು ಗೂಗಲ್‌ಗೆ ಗೊತ್ತಾದರೆ ಹುಡುಕಿದವರಿಗೆ ತೋರಿಸುವುದಿಲ್ಲ; ಗೊತ್ತಾಗಬಾರದು, ಅಷ್ಟೆ. 'ಮಗಳಂತೆ ನೋಡಿಕೊಳ್ಳುತ್ತೇವೆ' ಎಂಬುದನ್ನು 'ಪುತ್ರಿಯ ಹಾಗೆ ಆರೈಕೆ ಮಾಡುತ್ತೇವೆ' ಎಂದು ಬದಲಾಯಿಸಿ ಕೊಡುವವಳು ನಾನು.

ಬರೆದದ್ದನ್ನೆಲ್ಲ ಮೊದಲು ಅಮ್ಮನಿಗೆ ಓದಿ ಹೇಳುತ್ತಿದ್ದೆ. ಅವಳ ಕಣ್ಣು ಮಂಜಾಗಿತ್ತು, ಕಿವಿ ಮಾತ್ರ ಬಲು ಚುರುಕು. "ಇದು ಮೊನ್ನೇದೇ ಕಣೇ, ಸೀರೆ ಬದಲಾಯಿಸಿದೀಯ ಅಷ್ಟೆ," ಎಂದರೆ ಮುಗಿಯಿತು, ಮತ್ತೆ ಬರೆಯಬೇಕು.

ಈ ಸಲ ಕೆಲಸ ತಲೆಯ ಮೇಲೆ ಕೂತಿತ್ತು. ಅಮ್ಮನಿಗೆ ಓದದೆಯೇ ಕಳಿಸಿಬಿಟ್ಟೆ. ಒಂದಾದ ಮೇಲೊಂದು, ಉಸಿರಾಡಲೂ ಪುರುಸೊತ್ತಿಲ್ಲ. ಒಂದು ಮಧ್ಯಾಹ್ನ ತಟ್ಟೆ ಇಟ್ಟು, "ಅಮ್ಮಾ, ಊಟ ಮಾಡು" ಎನ್ನಬೇಕಾದವಳು "ತಾಯಿ, ಭೋಜನ ಸೇವಿಸಿ" ಎಂದೆ. ನನಗೇ ನಗು ಬಂತು. ಅಮ್ಮ ನಗಲಿಲ್ಲ. ನನ್ನ ಕೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ಸವರಿ ನೋಡಿ, ಬಿಟ್ಟಳು. ಅಂದಿನಿಂದ ನಾನು ತಲೆ ಬಾಚಲು ಹೋದರೆ ಮೈ ಬಿಗಿಹಿಡಿದು ಕೂರುತ್ತಿದ್ದಳು.

ಮೆಟ್ಟಿ ಮೆಟ್ಟಿ ಸವೆದ ನನ್ನ ಹಳೆಯ ಚಪ್ಪಲಿ ಆ ವಾರವೇ ಕಚ್ಚತೊಡಗಿತು. ಹಾಳಾದ್ದು ಎಂದು ಬೈದು ಸುಮ್ಮನಾದೆ.

ಭಾನುವಾರ ಅಕ್ಕ ಬಂದಳು. ಅಮ್ಮನನ್ನು ತನ್ನ ಮನೆಗೆ ಕರೆದೊಯ್ಯಬೇಕೆಂಬುದು ಅವಳ ಹಟ. ನನಗೋ, ಅಮ್ಮನನ್ನು ಬಿಟ್ಟರೆ ಈ ಲೋಕದಲ್ಲಿ ಇನ್ಯಾರೂ ಇಲ್ಲ.

"ಎಲ್ಲಿರ್ತೀನಿ ಅಂತ ಅಮ್ಮನೇ ಹೇಳಲಿ," ಎಂದೆ. ನನ್ನನ್ನು ಬಿಟ್ಟು ಅವಳು ಕದಲುವುದಿಲ್ಲ ಎಂಬ ಧೈರ್ಯ ನನಗಿತ್ತು.

ಅಮ್ಮ ನನ್ನ ದನಿ ಬಂದ ಕಡೆ ಮುಖ ತಿರುಗಿಸಿ, ಅಕ್ಕನಿಗೆ ಹೇಳಿದಳು. "ಈಕೆ ಒಳ್ಳೆಯವಳೇ. ಹೊತ್ತುಹೊತ್ತಿಗೆ ಊಟ ಹಾಕ್ತಾಳೆ, ಮಾತ್ರೆ ಕೊಡ್ತಾಳೆ, ಏನೂ ಕಮ್ಮಿ ಮಾಡಿಲ್ಲ. ಆದ್ರೆ ನಮ್ಮ ಚಿಕ್ಕೋಳು ಎಲ್ಲಿ ಹೋದ್ಲು? ಅವಳು ಬರೋವರೆಗೂ ನಿನ್ನ ಮನೇಲೇ ಇರ್ತೀನಿ."

"ಅಮ್ಮಾ, ನಾನೇ ಕಣಮ್ಮ," ಎಂದೆ. ಆ ದನಿ ನನ್ನ ದನಿಯಂತೆಯೇ ಇತ್ತು.

ಈಗ ಅಕ್ಕ ನಗುತ್ತಾಳೆ, ಅಮ್ಮನಿಗೆ ಅರಳುಮರಳು ಎನ್ನುತ್ತಾಳೆ ಎಂದು ಕಾದೆ. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಹುಟ್ಟಿದಾಗಿನಿಂದ 'ಏ ಕೋತಿ' ಎಂದೇ ನನ್ನನ್ನು ಕರೆದವಳು ಅವಳು. ನೋಡುತ್ತ ನೋಡುತ್ತ ಅವಳ ಮುಖ ಬಿಳಚಿಕೊಂಡಿತು. ಎದ್ದು ಬಂದು ನನಗೂ ಅಮ್ಮನಿಗೂ ನಡುವೆ ಅಡ್ಡ ನಿಂತಳು.

"ನಿಮ್ಮನ್ನ ಯಾವ ಕಂಪನಿಯವರು ಕಳಿಸಿದ್ದು?" ಎಂದು ಮೆಲ್ಲಗೆ ಕೇಳಿದಳು. "ನನ್ನ ತಂಗಿ ಎಲ್ಲಿ?"