ಕೈಮುಗಿದ ಚಿತ್ರಕ್ಕೆ ಹಾಜರಿ

ಮಾಸ್ಕಿನೊಳಗೆ ಬೆಳ್ಳುಳ್ಳಿಯ ವಾಸನೆ, ಬೆಳಿಗ್ಗೆ ರೊಟ್ಟಿಗೆ ಹಚ್ಚಿಕೊಂಡ ಶೇಂಗಾ ಚಟ್ನಿಯದು, ಈ ರೋಗ ಬಂದ ಮೇಲೆ ಮನುಷ್ಯರಿಗೆ ತಮ್ಮ ಬಾಯಿಯ ನಿಜವಾದ ವಾಸನೆ ತಮಗೇ ತಿಳಿಯುವಂತಾಯಿತಲ್ಲ, ಇದೂ ಒಂದು ಉಪಕಾರವೇ, ಎಂದುಕೊಳ್ಳುತ್ತ ಮಹೇಶ್ವರಿ ಮೂಗಿನ ಮೇಲಿನ ತಂತಿಯನ್ನು ಇನ್ನಷ್ಟು ಒತ್ತಿಕೊಂಡಳು, ವಾಸನೆ ಹೊರಗೆ ಹೋಗಲಿಲ್ಲ, ಹೋಗಲು ದಾರಿ ಎಲ್ಲಿದೆ — ನೇಕಾರರ ಓಣಿ ಮುಗಿಯಿತು, ಮಗ್ಗದ ಸದ್ದು ಹಿಂದೆ ಬಿತ್ತು, ಇನ್ನು ಕಲ್ಲು ಕೊರೆಯುವ ಸದ್ದು ಶುರುವಾಗಬೇಕು, ಇಳಕಲ್ಲಿನಲ್ಲಿ ಕಿವಿ ಮುಚ್ಚಿಕೊಂಡವರಿಗೆ ದಾರಿ ತಪ್ಪುತ್ತದೆ, ಕಣ್ಣು ಮುಚ್ಚಿಕೊಂಡವರಿಗೆ ತಪ್ಪುವುದಿಲ್ಲ, ಕಣ್ಣು ಮುಚ್ಚಿಕೊಂಡೇ ಎರಡು ವರ್ಷ ದಾಟಿಸಿದ್ದೇನಲ್ಲ ನಾನು, ಎಂದು ಎಲ್ಲಿಂದಲೋ ಒಂದು ಮಾತು ಬಂದು ಚುಚ್ಚಿತು, ಅದನ್ನು ಅಲ್ಲಿಯೇ ಬಿಟ್ಟು ಫೈಲನ್ನು ಇನ್ನೊಂದು ಬಗಲಿಗೆ ಬದಲಿಸಿದಳು. ಫೈಲಿನಲ್ಲಿ ಒಂದೇ ಕಾಗದ, ಪಾಲಕರ ಒಪ್ಪಿಗೆ ಪತ್ರ, ನಮ್ಮ ಮಗುವನ್ನು ನಮ್ಮ ಇಚ್ಛೆಯಿಂದಲೇ ಶಾಲೆಗೆ ಕಳುಹಿಸುತ್ತಿದ್ದೇವೆ, ಕೆಳಗೆ ಸಹಿ ಅಥವಾ ಹೆಬ್ಬೆಟ್ಟು. ಆರರಿಂದ ಎಂಟರ ತನಕದ ತರಗತಿಗಳು ತೆರೆದು ಹದಿನೈದು ದಿನವಾಯಿತು, ಏಳನೆಯ ತರಗತಿಯ ಮೂವತ್ತೊಂದು ಮಕ್ಕಳಲ್ಲಿ ಮೂವತ್ತು ಬಂದಿವೆ, ಬಾರದಿರುವುದು ಒಂದೇ ಹುಡುಗಿ, ಭಾಗ್ಯಜ್ಯೋತಿ, ಮತ್ತು ಕಾಗದ ಹೇಳುವ ಪ್ರಕಾರ ಶಾಲೆ ಮುಚ್ಚಿದ್ದಾಗ ಒಂದು ದಿನವೂ ತಪ್ಪದೆ ಪಾಠ ಕಲಿತದ್ದೂ ಅದೊಂದೇ ಹುಡುಗಿ. ಹೊಳಬಸಪ್ಪ ಹೆಡ್‌ಮಾಸ್ತರು ನಿನ್ನೆ ಹಾಜರಿ ಪುಸ್ತಕ ಮುಂದೆ ತಳ್ಳಿ ನಕ್ಕಿದ್ದರು, ಏನ್ರಿ ಟೀಚರ್ರ, ಸಾಲಿ ಇಲ್ಲದಾಗ ದಿನಾ ಬಂದಾಕಿ ಸಾಲಿ ತೆರದ ಮ್ಯಾಲ ಬರವಲ್ಲಳಲ್ಲ, ಇದೆಂಥಾ ಹುಡುಗಿರಿ. ತಮಾಷೆಗೆ ಅಂದದ್ದು, ಅವರಿಗೆ ಗೊತ್ತಿಲ್ಲ, ಅಥವಾ ಗೊತ್ತಿದೆ, ಮೂವತ್ತು ವರ್ಷ ನೌಕರಿ ಮಾಡಿದ ಮನುಷ್ಯನಿಗೆ ಯಾವ ಕಾಗದದ ಕೆಳಗೆ ಏನಿದೆ ಎಂದು ಎತ್ತಿ ನೋಡುವ ಅಗತ್ಯ ಬೀಳುವುದಿಲ್ಲ.

ಜೂನಿನಲ್ಲಿ, ಎರಡನೆಯ ಅಲೆ ಇಳಿಯುತ್ತಿದ್ದಾಗ, ಇಲಾಖೆಯವರು ಮನೆಮನೆಯ ಫೋನಿನ ಲೆಕ್ಕ ಕೇಳಿದ್ದರು, ಫೋನಿಲ್ಲದವರು ಎಷ್ಟು, ಬಟನ್ ಫೋನಿನವರು ಎಷ್ಟು, ಟಚ್ ಫೋನಿನವರು ಎಷ್ಟು, ಸಂಜೆಯೊಳಗೆ ಬೇಕು, ಮಹೇಶ್ವರಿ ಮನೆಯ ಸೋಫಾದಲ್ಲಿ ಕುಳಿತು ದಾಖಲಾತಿ ಪುಸ್ತಕದ ನಂಬರುಗಳನ್ನು ತನ್ನ ಫೋನಿಗೆ ಏರಿಸಿ, ಯಾವುದಕ್ಕೆ ವಾಟ್ಸ್ಯಾಪಿನಲ್ಲಿ ಮುಖ ಕಂಡಿತೋ ಅದು ಟಚ್ ಫೋನು ಎಂದು ಬರೆದುಕೊಂಡಿದ್ದಳು, ಬುದ್ಧಿವಂತಿಕೆಯೇ ಅದು, ಬೇರೆ ಟೀಚರರೂ ಅದನ್ನೇ ಮಾಡಿದರು, ಅವಳೇ ಹೇಳಿಕೊಟ್ಟಳು. ಭಾಗ್ಯಜ್ಯೋತಿಯ ಮನೆಯ ನಂಬರಿಗೆ ಕಂಡದ್ದು ಗುಲಾಬಿ ಹೂವು. ಹೂವಿದ್ದರೂ ಫೋನು ಫೋನೇ. ದಿನಾ ಹತ್ತಕ್ಕೆ ಪಾಠ ಹೋಗುತ್ತಿತ್ತು, ಉಳಿದವರ ಮನೆಗಳಲ್ಲಿ ಅಪ್ಪ ಕೆಲಸಕ್ಕೆ ಹೋಗುವಾಗ ಫೋನೂ ಕಿಸೆಯಲ್ಲಿ ಹೋಗುತ್ತಿತ್ತು, ಉತ್ತರ ಬಂದರೆ ರಾತ್ರಿ, ಇಲ್ಲದಿದ್ದರೆ ಇಲ್ಲ, ಈ ನಂಬರಿನಿಂದ ಮಾತ್ರ ಐದು ನಿಮಿಷದೊಳಗೆ ಮರುಮಾತು — ಜೋಡಿಸಿದ ಎರಡು ಕೈಗಳ ಚಿತ್ರ. ಗಣಿತ ಕಳಿಸಿದರೂ ಕೈಮುಗಿದ ಚಿತ್ರ, ವಿಜ್ಞಾನ ಕಳಿಸಿದರೂ ಕೈಮುಗಿದ ಚಿತ್ರ, ಎಲೆಯ ಭಾಗಗಳನ್ನು ಹೆಸರಿಸಿರಿ ಎಂದರೂ ಕೈಮುಗಿದ ಚಿತ್ರ. ಎಂಥ ವಿನಯದ ಹುಡುಗಿ, ಮಹೇಶ್ವರಿ ಪ್ರತಿ ಜೋಡಿಗೂ ಒಂದು ಹಾಜರಿ ಹಾಕಿದಳು. ತಿಂಗಳ ಕೊನೆಗೆ ಗುಂಪಿನಲ್ಲಿ ಹೂಗುಚ್ಛದ ಚಿತ್ರ ಹಾಕಿ, ಈ ತಿಂಗಳ ಉತ್ತಮ ಹಾಜರಿ, ಕುಮಾರಿ ಭಾಗ್ಯಜ್ಯೋತಿ, ಎಂದು ಬರೆದಳು. ಮೇಲಿನವರಿಗೆ ಹೋದ ವರದಿಯಲ್ಲಿ ನೂರಕ್ಕೆ ನೂರು ಮಕ್ಕಳು ಕಲಿಕೆಯಲ್ಲಿ ನಿರತ. ನಿರತ, ಎಷ್ಟು ಚಂದದ ಶಬ್ದ, ಯಾರು ಯಾವುದರಲ್ಲಿ ಎಂದು ಅದು ಕೇಳುವುದಿಲ್ಲ.

ಅಷ್ಟಕ್ಕೇ ನಿಂತಿದ್ದರೆ ಅದು ತಪ್ಪು ಮಾತ್ರ, ತಪ್ಪಿಗೆ ಯಾರೂ ಹೀಗೆ ಕುತ್ತಿಗೆ ಬಗ್ಗಿಸಿ ನಡೆಯುವುದಿಲ್ಲ, ತಪ್ಪು ಎಲ್ಲರಿಂದಲೂ ಆಗುತ್ತದೆ, ತಪ್ಪಿಗೆ ತಿದ್ದುಪಡಿಯ ಒಂದು ಕಾಲಮ್ಮು ಇರುತ್ತದೆ — ಆ ದಿನ ಗೇಟು ಸದ್ದಾಯಿತು. ಕಾರಹುಣ್ಣಿಮೆಯಾಗಿ ವಾರವೋ ಎರಡು ವಾರವೋ, ಬೆಳಗಿನ ಹನ್ನೊಂದು, ಒಳಗೆ ಮಗಳು ಐಶ್ವರ್ಯ ಲ್ಯಾಪ್‌ಟಾಪಿನ ಮುಂದೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ತನ್ನ ಖಾಸಗಿ ಶಾಲೆಯ ಏಳನೆಯ ತರಗತಿಯಲ್ಲಿ, ಹೊರಗೆ ಗೇಟಿನ ಸರಳು ಹಿಡಿದು ಭಾಗ್ಯಜ್ಯೋತಿ, ಇನ್ನೊಂದು ಕೈಯಲ್ಲಿ ನೋಟ್‌ಬುಕ್ಕು, ಅಷ್ಟು ದೂರ ನಡೆದು ಬಂದದ್ದು. ಗೇಟ್ ಮುಟ್ಟಬ್ಯಾಡ, ಎಂದಿದ್ದೇ ಮೊದಲ ಮಾತು, ನೆಗಡಿ ಕೆಮ್ಮು ಐತೇನು, ಎರಡನೆಯದು, ಹಿಂದಕ್ಕ ಸರಿ, ಇನ್ನಷ್ಟು ಸರಿ, ಹಾ ಅಲ್ಲೇ ನಿಂದರು, ಮೂರನೆಯದು. ಯಾಕ ಬಂದಿ, ಮೊಬೈಲಿನ್ಯಾಗ ಎಲ್ಲಾ ಕಳಸ್ತೇನಲ್ಲ. ಅದು ನಮ್ಮ ಮೊಬೈಲ್ ಅಲ್ರಿ ಟೀಚರ್, ಜಹೀರಣ್ಣಂದ್ರಿ, ನಮ್ಮಪ್ಪಗೋಳ ಕಲ್ಲಿನ ಫ್ಯಾಕ್ಟರಿ ಮೇಸ್ತ್ರಿರಿ, ಬ್ಯಾಂಕಿಗೆ ರೇಶನ್ನಿಗೆ ಎಲ್ಲಾದಕ್ಕೂ ಅವಂದ ನಂಬರ್ ಕೊಟ್ಟಾರ್ರಿ, ಪಾಠ ಬಂದೇತಿ ಅಂತ ಹೇಳತಾನ್ರಿ, ಆದ್ರ ಫೋನ್ ಅವನ ಹಂತೇಕ ಇರತೇತ್ರಿ, ನಾ ಬಾಜೂಕಿನ ಮನಿ ಕಿಡಕ್ಯಾಗಿಂದ ಟೀವಿ ಪಾಠ ನೋಡಿ ಬರದೇನ್ರಿ, ಖರೆ ಐತೋ ಇಲ್ಲೋ ನೋಡ್ರಿ. ಅಂದರೆ ಆ ಕೈಗಳು ಮೇಸ್ತ್ರಿಯವು, ಕಲ್ಲಿನ ಪುಡಿ ಮೆತ್ತಿದ ಹೆಬ್ಬೆರಳಿನಿಂದ, ಮಾಸ್ತರಗಿತ್ತಿಗೆ ಮರ್ಯಾದೆ ಕೊಡಬೇಕೆಂದು ಅವನು ಒತ್ತಿದ್ದು. ನಗು ಬಂದಿತ್ತು ಮಹೇಶ್ವರಿಗೆ, ನಿಜವಾಗಿ ಬಂದಿತ್ತು. ಕಟ್ಟಿ ಮ್ಯಾಲ ಇಟ್ಟು ಹೋಗು, ಎಂಟು ದಿನ ಬಿಟ್ಟು ಬಾ. ಹುಡುಗಿ ಇಟ್ಟಿತು, ಹೋಯಿತು. ಮಮ್ಮಿ, ಯಾರು ಬಂದಿದ್ರು, ಐಶ್ವರ್ಯ ಒಂದು ಕಿವಿ ತೆರೆದು ಕೇಳಿದಳು. ಯಾರೂ ಇಲ್ಲ, ನೀ ಕ್ಲಾಸ್ ಕೇಳು. ಯಾರೂ ಇಲ್ಲ, ಎಷ್ಟು ಸಲೀಸಾಗಿ ಬಾಯಿಗೆ ಬಂತು ಅದು, ಕಂಠಪಾಠ ಮಾಡಿದಂತೆ. ಆಮೇಲೆ ಆ ನೋಟ್‌ಬುಕ್ಕಿಗೆ ಸ್ಯಾನಿಟೈಸರ್ ಹೊಡೆದಳು, ಮುಂದೆ ಹಿಂದೆ, ಒಳಗಿನ ಹಾಳೆಗಳನ್ನು ಕಡ್ಡಿಯಿಂದ ತಿರುವಿ ತಿರುವಿ ಹೊಡೆದಳು, ಬಿಸಿಲಿಗೆ ಒಣಗಿಸಿ ಮೂರನೆಯ ದಿನ ತೆಗೆದರೆ ಶಾಯಿಯೆಲ್ಲ ಹರಿದು ಹಾಳೆಗೆ ಹಾಳೆ ನೀಲಿ, ಒಂದು ಅಕ್ಷರ ಉಳಿದಿಲ್ಲ, ಹನ್ನೆರಡು ಹಾಳೆ ಬರೆದಿತ್ತು ಹುಡುಗಿ, ಏನು ಬರೆದಿತ್ತೋ. ಆಗಲಾದರೂ ಹೇಳಬಹುದಿತ್ತು, ನನ್ನಿಂದ ಕೆಟ್ಟಿತವ್ವಾ, ಇನ್ನೊಮ್ಮೆ ಬರಿ, ನಾ ಹೊಸಾ ನೋಟ್‌ಬುಕ್ ಕೊಡ್ತೇನಿ. ಹಾಗೆನ್ನುವ ಬದಲು ಕೆಂಪು ಪೆನ್ನು ತೆಗೆದು ಆ ನೀಲಿಯ ಮೇಲೆ ಉತ್ತಮ ಎಂದು ಬರೆದಳು, ಸಹಿ ಮಾಡಿದಳು, ತಾರೀಖು ಹಾಕಿದಳು. ಎಂಟನೆಯ ದಿನ ಹುಡುಗಿ ಬಂದು, ಯಾರೂ ಹೇಳದೆಯೇ ಗೇಟಿನಿಂದ ದೂರ ನಿಂತು, ಚಲೋ ಬರದಿ, ಎಂಬ ಮಾತು ಕೇಳಿಸಿಕೊಂಡು, ನೋಟ್‌ಬುಕ್ಕು ತೆರೆದು ನೋಡಿ, ಅವಳ ಮುಖ ನೋಡಿ, ಮತ್ತೆ ನೋಟ್‌ಬುಕ್ಕು ನೋಡಿ, ಬರ್ತೇನ್ರಿ ಟೀಚರ್, ಎಂದು ಹೋಯಿತು. ಮತ್ತೆ ಬರಲಿಲ್ಲ. ಮರುದಿನ ಹತ್ತಕ್ಕೆ ಪಾಠ ಕಳಿಸಿದಾಗ ಜೋಡಿಸಿದ ಕೈಗಳು ಬಂದವು, ಯಾರ ಕೈ ಎಂದು ಗೊತ್ತಿದ್ದೂ ಹಾಜರಿ ಹಾಕಿದಳು, ಯಾಕೆಂದರೆ ನೂರಕ್ಕೆ ನೂರು ಆಗಲೇ ಮೇಲೆ ಹೋಗಿತ್ತು, ಮೇಲೆ ಹೋದದ್ದನ್ನು ಕೆಳಗಿಳಿಸಿದರೆ ಹೊಳಬಸಪ್ಪನವರ ಮುಖ ಏನಾದೀತು, ಅವಳ ಮುಖ ಏನಾದೀತು, ಮತ್ತು ಮಾಸ್ಕಿನ ಕಾಲದಲ್ಲಿ ಮುಖದ್ದೇನು, ಅರ್ಧ ಹೇಗೂ ಮುಚ್ಚಿಯೇ ಇತ್ತು.

ಕಲ್ಲಿನ ಸದ್ದು ಹತ್ತಿರವಾಯಿತು, ಹಲ್ಲಿನ ಡಾಕ್ಟರರ ಮುಂದೆ ಕುಳಿತಂತೆ, ಎಡಕ್ಕೆ ಮೂರನೆಯ ಮನೆ, ಹೇಳಬೇಕಾದದ್ದು ದಾರಿಯುದ್ದಕ್ಕೂ ಬಾಯಲ್ಲಿ ಹೊರಳಿಸಿಕೊಂಡು ಬಂದದ್ದು ಇಷ್ಟೇ, ನನ್ನ ತಪ್ಪಾತು, ಸಾಲಿಗೆ ಬಾ, ನಾಲ್ಕು ಮಾತು, ಯಾವ ವರದಿಗಿಂತಲೂ ಚಿಕ್ಕದು. ಬಾಗಿಲಲ್ಲಿ ದುರಗವ್ವ, ಹುಡುಗಿಯ ಅಜ್ಜಿ, ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದವಳು ಎದ್ದಳು, ಬರ್ರಿ ಅಕ್ಕಾರ, ಮಗಾ ಸೊಸಿ ಕೆಲಸಕ್ಕ ಹೋಗ್ಯಾರ್ರಿ, ಆ ಕುರ್ಚಿ ಮ್ಯಾಲ ಕುಂದರ್ರಿ, ಅದರಾಗ ಯಾರೂ ಕುಂತಿಲ್ರಿ, ನಾ ಇಲ್ಲೇ ದೂರ ನಿಂದರ್ತೇನಿ. ಇರಲಿ ಅಜ್ಜಿ, ಹತ್ರ ಬರ್ರಿ, ಎಂದಳು ಮಹೇಶ್ವರಿ, ತನ್ನ ದನಿಯ ಉದಾರತನ ತನಗೇ ಕೇಳಿ ಕಿವಿ ಬಿಸಿಯಾಯಿತು. ಬ್ಯಾಡ್ರಿ, ಸರ್ಕಾರದವರು ಆರು ಫೂಟ್ ಅಂದಾರ, ಆರು ಫೂಟೇನ್ ಬಿಡ್ರಿ ಅಕ್ಕಾರ, ನಮ್ಮವ್ವ ಊರಬಾವಿಗೆ ಹದಿನಾರು ಫೂಟ್ ದೂರ ನಿಂದು ನೀರು ಹಾಕಿಸ್ಕೊಂಡು ಕುಡದಾಕಿ, ನಮಗಿದು ಹಳೇ ಸಾಲಿ, ನೀವು ಈಗ ಸೇರೀರಿ ನೋಡ್ರಿ, ಮುದುಕಿ ಎರಡು ಹಲ್ಲು ತೋರಿಸಿ ನಕ್ಕಳು, ಸಿಟ್ಟಿರಲಿಲ್ಲ, ಸಿಟ್ಟಾದರೂ ಇದ್ದಿದ್ದರೆ. ಹೆಬ್ಬೆಟ್ಟು ಕೇಳಿದರೆ ಯಾಕೆ ಏನು ಎನ್ನದೆ ಎಡಗೈ ಚಾಚಿದಳು, ಒತ್ತಿದಳು, ಸೆರಗಿಗೆ ಒರೆಸಿಕೊಂಡಳು, ಆತೇನ್ರಿ, ಇನ್ನ ಆಕಿನ್ನ ನೀವ ಕೇಳ್ರಿ, ನಮ್ಮ ಮಾತು ಎಲ್ಲಿ ಕೇಳತಾಳ, ಏ ಭಾಗ್ಯಾ.

ಬಚ್ಚಲ ಕಡೆಯಿಂದ ಬಂತು ಹುಡುಗಿ, ಎತ್ತರವಾಗಿದೆ, ಲಂಗ ಮೊಣಕಾಲಿಗೆ ಏರಿದೆ, ಬೆಳಗಿನ ಪಾಳಿಯಲ್ಲಿ ಅವ್ವನ ಜೊತೆ ಫ್ಯಾಕ್ಟರಿಯಲ್ಲಿ ಕಲ್ಲು ತೊಳೆದು, ಅವಳಿಗಿಂತ ಮೊದಲೇ, ಆಗಷ್ಟೇ ಬಂದದ್ದಿರಬೇಕು. ನನ್ನ ತಪ್ಪಾತು, ನಾಲಿಗೆಯ ತುದಿಗೆ ಬಂತು, ಬಾಯಿ ತೆರೆದರೆ ಹೊರಬಿದ್ದದ್ದು, ಯಾಕ ಸಾಲಿಗೆ ಬರವಲ್ಲಿ, ಟೀಚರ ದನಿ, ಬೆತ್ತದ ದನಿ. ಹುಡುಗಿ ಅಜ್ಜಿಯ ಕಡೆ ನೋಡಿತು, ಜಹೀರಣ್ಣ ಫೋನಿನ್ಯಾಗ ನನ್ನ ಹೆಸರು ತೋರಿಸಿದ್ನರಿ, ಹೂವಿನ ಚಿತ್ರದ ಕೆಳಗ, ಸಾಲಿಗೇ ನಂಬರ್ ಒನ್ ಅಂತ ಅಮೀನಗಡಕ್ಕ ಹೋದಾಗ ಅರ್ಧ ಕೇಜಿ ಕರದಂಟು ತಂದಿದ್ನರಿ, ಓಣ್ಯಾಗೆಲ್ಲಾ ಹಂಚಿದ್ನರಿ, ಹಾಜರಿ ದಿನಾ ಬೀಳತೈತಿ ಅಂದ್ನರಿ, ಹಾಂಗಿದ್ರ ನಾ ಬಂದ್ರೂ ಅಷ್ಟ, ಬಿಟ್ರೂ ಅಷ್ಟ ಅಂತ — ಅಷ್ಟಕ್ಕೇ ನಿಲ್ಲಿಸಿತು, ವ್ಯಂಗ್ಯವಿರಲಿಲ್ಲ ಅದರಲ್ಲಿ, ಹೊಳಬಸಪ್ಪನವರ ಸಿಬ್ಬಂದಿಯಲ್ಲಿ ಯಾರಿಗೂ ಹೊಳೆಯದ ಲೆಕ್ಕವನ್ನು ಸರಿಯಾಗಿ ಬಿಡಿಸಿತ್ತು, ಅಷ್ಟೇ. ನಾಳಿಂದ ಬಾ, ಎಂದಳು ಮಹೇಶ್ವರಿ, ಖರೆ ಹಾಜರಿ ಹಾಕ್ತೇನಿ, ಎನ್ನಲು ಹೋಗಿ ಎನ್ನದೆ ಫೈಲು ಮುಚ್ಚಿದಳು. ಬರ್ತೇನ್ರಿ, ಎಂದಿತು ಹುಡುಗಿ, ಆಮೇಲೆ ತೀರ ಮೆಲ್ಲಗೆ, ಬಸ್ಸಿನ ಟೈಮು ಕೇಳುವಂತೆ, ಒಳಗ ಕುಂದರೂದೇನ್ರಿ, ಹೊರಗೇನ್ರಿ. ಯಾರು ಹೇಳಿದರು ಹೊರಗೆಂದು, ಯಾರೂ ಹೇಳಿಲ್ಲ, ಯಾರೂ ಅಲ್ಲ, ನಾನೇ, ಮಹೇಶ್ವರಿ ಮಾಸ್ಕನ್ನು ಗದ್ದಕ್ಕೆ ಎಳೆದುಕೊಂಡಳು, ಕುರ್ಚಿಯಿಂದ ಎದ್ದಳು, ಏನೂ ಬೇಡ, ಒಮ್ಮೆ ಅದರ ತಲೆಯ ಮೇಲೆ ಕೈ ಇಟ್ಟರೆ ಸಾಕು, ಆ ನಾಲ್ಕು ಮಾತು ಆಗ ತಾವಾಗಿ ಬರುತ್ತವೆ, ಕೈ ಮುಂದೆ ಮಾಡಿ ಒಂದು ಹೆಜ್ಜೆ ಇಟ್ಟಳು — ಹುಡುಗಿ ಒಂದು ಹೆಜ್ಜೆ ಹಿಂದೆ ಇಟ್ಟಿತು. ಹೆದರಿ ಅಲ್ಲ, ಮುನಿದು ಅಲ್ಲ, ಕಲಿಸಿದ ಪಾಠವನ್ನು ಒಪ್ಪಿಸುವಂತೆ, ಶುದ್ಧವಾಗಿ. ಇನ್ನೊಂದು ಹೆಜ್ಜೆ ಮುಂದೆ, ಇನ್ನೊಂದು ಹಿಂದೆ. ನೆಲ ನೋಡಿದಳು ಮಹೇಶ್ವರಿ, ಮುಖ ನೋಡಲಾಗಲಿಲ್ಲ, ಬರಿಗಾಲು, ಕಲ್ಲಿನ ಹಿಟ್ಟು ಒಣಗಿ ಬಿಳಚಿದ ಎರಡು ಪುಟ್ಟ ಪಾದ, ಎಡದ್ದು ಹಿಂದೆ, ಬಲದ್ದು ಅದರ ಪಕ್ಕಕ್ಕೆ, ಸಾರಿಸಿದ ನೆಲದ ಮೇಲೆ ಬಿಳಿಯ ಗುರುತು, ಹೇಳಬೇಕು, ಈಗ ಹೇಳಬೇಕು, ಒಂದು ಹೆಜ್ಜೆ ಮುಂದೆ — ಎಡದ್ದು ಹಿಂದೆ, ಬಲದ್ದು ಅದರ ಪಕ್ಕಕ್ಕೆ, ಹಿಮ್ಮಡಿ ಗೋಡೆಗೆ ತಾಗಿತು, ಹಿಂದೆ ಜಾಗವಿಲ್ಲ, ಆದರೂ ಹಿಮ್ಮಡಿ ಎತ್ತಿ, ಬೆರಳ ತುದಿಯ ಮೇಲೆ ನಿಂತು, ಇನ್ನೂ ಒಂದು ಬೆರಳಿನಷ್ಟು, ಹಿಂದೆ.