ಅತ್ತಿಗೆಯ ಹಲ್ಲು, ಮೈದುನನ ಬಾಯಿ

ಅತ್ತಿಗೆ ರೇಡಿಯೋದಲ್ಲಿ ಕತೆ ಹೇಳುತ್ತಿದ್ದಳು, ಮೈದುನ ಅದೇ ಸ್ಟೇಷನ್ನಿನಲ್ಲಿ ಟೆಕ್ನಿಷಿಯನ್. ಅತ್ತಿಗೆ ಹಾವು ಎಂದರೆ ಸಾಕು, ಕೇಳುವವರು ಕಾಲು ಮೇಲೆತ್ತಿಕೊಂಡು ಕೂರುತ್ತಿದ್ದರು. ಅಂಥ ಗಂಟಲು!

ಡಿಜಿಟಲ್ ರೇಡಿಯೋ ಎಂದರೆ ಒಂದೇ ಬಸ್ಸು ಇದ್ದ ಹಾಗೆ. ಹಾಡಿನ ಚಾನೆಲ್ಲು, ಕತೆಯ ಚಾನೆಲ್ಲು ಎರಡೂ ಅದರಲ್ಲೇ ಹೋಗಬೇಕು. ಒಂದು ಕಾಲು ಚಾಚಿದರೆ ಇನ್ನೊಂದು ಮುದುಡಿಕೊಳ್ಳಬೇಕು. 'ಕತೆ ಬರೀ ಮಾತು ತಾನೇ' ಎಂದುಕೊಂಡ ಮೈದುನ, ಅದರ ಬಿಟ್‌ರೇಟನ್ನು, ಅಂದರೆ ದನಿಗೆ ಸಿಗುವ ಜಾಗವನ್ನು, ಹಿಂಡಿ ಹಾಡಿಗೆ ಸುರಿದ. ಹಾಡು ಜೇನಾಯಿತು. ಮ್ಯಾನೇಜರ್ ಬೆನ್ನು ತಟ್ಟಿದ. ಅತ್ತಿಗೆಯ 'ಸ' ಮಾತ್ರ ನೊರೆನೊರೆಯಾಯಿತು. ಅವಳು ಸಿಂಹ ಎಂದರೆ ಯಾರೋ ಸೋಡಾ ಬಾಟಲಿ ತೆರೆದಂತೆ ಕೇಳಿಸುತ್ತಿತ್ತು.

"ಏನಮ್ಮಾ, ಹಲ್ಲು ಬಿದ್ದೋಯ್ತಾ?" ಎಂದು ಕೇಳುಗರ ಫೋನ್ ಮೇಲೆ ಫೋನ್.

ಊಟಕ್ಕೆ ಕೂತಾಗ ಅತ್ತಿಗೆ ಕೇಳಿದಳು: "ನಿಜ ಹೇಳಪ್ಪಾ, ನಿಂಗೂ ಹಂಗೇ ಕೇಳ್ಸತ್ತಾ?"

ಮೈದುನ ತಟ್ಟೆಯತ್ತ ಬಗ್ಗಿ ಅನ್ನ ಕಲಸಿದ. ನಿಜ ಹೇಳಿದರೆ ಮ್ಯಾನೇಜರ್ ತಟ್ಟಿದ ಬೆನ್ನಿಗೇ ಗುದ್ದುತ್ತಾನೆ. "ಬಿಸಿನೀರು ಕುಡೀರಿ ಅತ್ತಿಗೆ, ಸರಿಹೋಗತ್ತೆ" ಎಂದ.

ಮರುದಿನ ಅತ್ತಿಗೆ ಕೆನ್ನೆ ಊದಿಸಿಕೊಂಡು ಬಂದಳು. ಹತ್ತಿಯಲ್ಲಿ ಸುತ್ತಿದ್ದ ಸೊಟ್ಟ ಕೋರೆಹಲ್ಲನ್ನು ಅವನ ಮುಂದೆ ಹಿಡಿದಳು. ಕಲ್ಲು ಕಡಿದರೂ ಅಲ್ಲಾಡದಿದ್ದ ಹಲ್ಲು!

"ಇದೇ ಕಣೋ ಕಳ್ಳ. ಡೆಂಟಿಸ್ಟು ಬೇಡ ಬೇಡ ಅಂದ್ರೂ ಕಿತ್ಸಿಬಿಟ್ಟೆ."

ಕಳ್ಳ ಎಂದೊಡನೆ ಮೈದುನ ಬೆಚ್ಚಿಬಿದ್ದ. ಆಮೇಲೆ ಕೂತರೂ ನಿಂತರೂ ಆ ಹಲ್ಲು ಅವನನ್ನೇ ಕಚ್ಚತೊಡಗಿತು. ತಡೆಯಲಾರದೆ, ಯಾರಿಗೂ ಹೇಳದೆ, ಹಾಡಿನ ಪಾಲು ಕಿತ್ತು ಕತೆಗೆ ಬೇಕಾದ್ದಕ್ಕಿಂತ ಹೆಚ್ಚೇ ಕೊಟ್ಟ. 'ಸ' ಫಳಫಳ ಹೊಳೆಯಿತು.

"ಆ ಡೆಂಟಿಸ್ಟ್ ಕೈಗುಣ ನೋಡಿ!" ಎಂದು ಎಲ್ಲರೂ ಹೊಗಳಿದರು. ಅತ್ತಿಗೆ ಹಿಗ್ಗಿಹೋದಳು. ಮೈದುನ ಕುಗ್ಗಿಹೋದ.

ಈಗ ಹಾಡಿನ ಚಾನೆಲ್ಲಿನಲ್ಲಿ ಮಾತಾಡುವ ಹುಡುಗಿಯ 'ಸ' ಬುಸುಗುಟ್ಟತೊಡಗಿತು. ಅತ್ತಿಗೆ ಅವಳ ಕೈ ಹಿಡಿದು ಎಳೆದುಕೊಂಡು ಹೊರಟೇಬಿಟ್ಟಳು.

"ಬಾರೇ, ಒಂದು ಕಿತ್ಸಿದ್ರೆ ಆಯ್ತು. ಇರುವೆ ಕಚ್ಚಿದಂಗಾಗತ್ತೆ, ಅಷ್ಟೆ."

ಮೈದುನ ಓಡಿಹೋಗಿ ಬಾಗಿಲಿಗೆ ಅಡ್ಡ ನಿಂತ.

"ಅತ್ತಿಗೆ, ತಪ್ಪು ಹಲ್ಲಿಂದಲ್ಲ, ನಂದು. ಅವತ್ತು ನಿಮ್ಮ ದನಿ ಹಿಂಡಿ ಹಾಡಿಗೆ ಹಾಕ್ದೋನು ನಾನೇ. ಇವತ್ತು ಇವಳದನ್ನ ಹಿಂಡಿದೋನೂ ನಾನೇ."

ಹುಡುಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅತ್ತಿಗೆಯ ನಾಲಿಗೆ ಒಳಗೊಳಗೇ ಖಾಲಿ ಜಾಗ ತಡವುತ್ತಿದ್ದುದು ಕೆನ್ನೆಯ ಮೇಲೆ ಕಾಣುತ್ತಿತ್ತು. ಅವಳು ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

"ಅಲ್ವೋ," ಎಂದಳು ಮೆಲ್ಲಗೆ, "ನಿನ್ನ ಬಾಯಿ ಬಿಡ್ಸೋಕೆ ನನ್ನ ಹಲ್ಲು ಕೀಳ್ಬೇಕಾಯ್ತೇನೋ?"